ಹೊರಗಿನ ಸಲಹೆಗಾರರನ್ನು ಕರೆದ ಮೇಲೆ ಅವರಿಂದ ಏನು ಕೆಲಸ ತಗೋಬೇಕು?

ಕೇಳಿದವರು: ಸಹಾಯಕ ಪ್ರಾಧ್ಯಾಪಕಿ, ವಿಜಯಪುರ

ನಮ್ಮಲ್ಲಿ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಮೂರೂ ವಿಭಾಗ ಸೇರಿ ಒಂದು ಮಾನವಿಕ ಅಧ್ಯಯನ ಕೇಂದ್ರ ಶುರುವಾಗಿದೆ. ಸಂಯೋಜಕಿ ಕೆಲಸ ನನ್ನ ಪಾಲಿಗೆ ಬಂದಿದೆ. ಸದ್ಯಕ್ಕೆ ಇರೋದು ಒಂದು ಕೋಣೆ, ಎರಡು ಕಪಾಟು, ನಾಲ್ಕು ಜನ ಪಿಎಚ್.ಡಿ. ವಿದ್ಯಾರ್ಥಿಗಳು. ಹೊರಗಿನ ಐದು ಜನರ ಸಲಹಾ ಸಮಿತಿ ಮಾಡಬೇಕು, ಹೆಸರು ಕೊಡಿ ಅಂದಿದ್ದಾರೆ. ದೊಡ್ಡ ಹೆಸರಿನವರೇ ಬೇಕು ಅಂತ ಕೆಲವರು ಹೇಳುತ್ತಾರೆ. ಊರಿನವರೇ ಸಾಕು ಅಂತ ಇನ್ನು ಕೆಲವರು. ಯಾರನ್ನು ಕರೆಯಲಿ? ವರ್ಷಕ್ಕೆ ಎಷ್ಟು ಸಭೆ? ಅವರಿಂದ ಏನು ಕೇಳಬಹುದು, ಏನು ಕೇಳಬಾರದು? ಇಂಥ ಕೆಲಸ ಮಾಡಿದವರು ದಯವಿಟ್ಟು ಅನುಭವ ಹೇಳಿ.

ನಿವೃತ್ತ ಇತಿಹಾಸ ಪ್ರಾಧ್ಯಾಪಕ, ಬಾಗಲಕೋಟೆ

ನಾನು ಹನ್ನೊಂದು ವರ್ಷ ಒಂದು ಅಧ್ಯಯನ ಕೇಂದ್ರ ನೋಡಿಕೊಂಡೆ. ಮೊದಲ ಮೂರು ವರ್ಷ ನಾನೂ ದೊಡ್ಡ ಹೆಸರುಗಳ ಹಿಂದೆಯೇ ಓಡಿದೆ. ಬೆಂಗಳೂರು, ಮೈಸೂರಿನಿಂದ ಬಸವ ಎಕ್ಸ್‌ಪ್ರೆಸ್‌ಗೆ ಬರುತ್ತಿದ್ದರು. ಸಭೆಯಲ್ಲಿ ಕೂತ ಮೇಲೆ ಫೈಲು ಕೈಗೆ ಕೊಡುತ್ತಿದ್ದೆವು. ಒಂದು ಗಂಟೆಗೆ ಊಟ, ಆಮೇಲೆ ಶಾಲು, ಸಂಜೆ ವಾಪಸ್. ಅವರು ಹೇಳಿದ್ದು ಎಲ್ಲಾ ಒಳ್ಳೆಯ ಮಾತೇ. ಆದರೆ ಆ ಮಾತು ಯಾವ ಕೇಂದ್ರಕ್ಕೆ ಬೇಕಾದರೂ ಹೊಂದುತ್ತಿತ್ತು. ತಪ್ಪು ಅವರದಲ್ಲ. ಓದೋಕೆ ನಾವು ಮುಂಚೆ ಏನೂ ಕಳಿಸಿರಲಿಲ್ಲ. ಬರೀ ಹೆಸರು ಕೇಳಿದ್ದೆವು, ಕೆಲಸ ಕೇಳಿರಲಿಲ್ಲ.

ನಾಲ್ಕನೇ ವರ್ಷ ಮುಳುಗಡೆ ಊರುಗಳ ನೆನಪು ದಾಖಲಿಸೋ ಕೆಲಸ ಕೈಗೆತ್ತಿಕೊಂಡೆವು. ಆಲಮಟ್ಟಿ ಹಿನ್ನೀರಿನ ಕಥೆ ಈ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋಗಿ ನವನಗರ ಎದ್ದಿದೆ. ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಬಂದಾಗಲೆಲ್ಲ ಇಲ್ಲಿನ ಮನೆಗಳಲ್ಲಿ ಮತ್ತೆ ಅದೇ ಚಿಂತೆ. ಆ ಸಲ ಸಮಿತಿಗೆ ಒಬ್ಬ ರೈತ ಹಿರಿಯರನ್ನು ಸೇರಿಸಿದೆವು. ಸ್ವತಃ ಊರು ಕಳಕೊಂಡವರು. ಓದಿದ್ದು ಏಳನೇ ತರಗತಿ. ಕೆಲವರು ಮೂಗು ಮುರಿದರು. ನಾನು ಪಟ್ಟು ಬಿಡಲಿಲ್ಲ.

ನಮ್ಮ ಪ್ರಶ್ನಾವಳಿ ನಲವತ್ತೆರಡು ಪ್ರಶ್ನೆಗಳದ್ದು. ಮೊದಲನೆಯದು "ನಿಮ್ಮ ಮನೆ ಯಾವ ವರ್ಷ ಮುಳುಗಿತು? ಪರಿಹಾರ ಎಷ್ಟು ಬಂತು?" ಹಿರಿಯರು ಅದನ್ನು ಓದಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಹೇಳಿದರು: "ಇದನ್ನ ಕೇಳಿದ್ರ ಎಲ್ಲಾರೂ ನಿಮ್ಮನ್ನ ಸರ್ವೆ ಮಾಡಾವ್ರು ಅಂತ ತಿಳೀತಾರ್ರೀ. ಲೆಕ್ಕ ಹೇಳ್ತಾರ, ಊರು ಹೇಳೂದಿಲ್ಲ. ಮೊದಲ ನಿಮ್ಮ ಮನಿಯಿಂದ ಹೊಳಿಗೆ ಹೋಗೂ ದಾರಿ ಹ್ಯಾಂಗಿತ್ತು ಅಂತ ಕೇಳ್ರಿ." ಮುಂದಿನ ವಾರ ಹುಡುಗರು ಅದನ್ನೇ ಕೇಳಿದರು. ಒಬ್ಬ ಅಜ್ಜಿ ಕಣ್ಣು ಮುಚ್ಚಿಕೊಂಡು, ಬಲಗೈ ಬೆರಳಿನಿಂದ ಗಾಳಿಯಲ್ಲಿ ತಿರುವು ತೋರಿಸುತ್ತಾ ಹೋದರು. ಇಲ್ಲಿ ಬನ್ನಿ ಗಿಡ, ಇಲ್ಲಿ ಬಡಿಗೇರ ಮನೆ, ಇಲ್ಲಿ ಬಟ್ಟೆ ಒಗೆಯೋ ಬಂಡೆ. ಎರಡು ತಾಸು ರೆಕಾರ್ಡ್ ಆಯಿತು. ಆ ಒಂದು ಪ್ರಶ್ನೆ ನಮ್ಮ ಇಡೀ ಯೋಜನೆಯನ್ನೇ ಬದಲಿಸಿತು. ಅದನ್ನು ಕೊಟ್ಟವರಿಗೆ ಯಾವ ಡಿಗ್ರಿಯೂ ಇರಲಿಲ್ಲ.

ಹಾಗಂತ ವಿದ್ವಾಂಸರು ಬೇಡ ಅನ್ನಲ್ಲ. ಆ ಧ್ವನಿಗಳನ್ನು ಹೇಗೆ ಜೋಡಿಸಿಡಬೇಕು, ಯಾರ ಒಪ್ಪಿಗೆ ಹೇಗೆ ಬರೆಸಿಕೊಳ್ಳಬೇಕು ಅಂತ ಕಲಿಸಿದವರು ಹೊರಗಿನಿಂದ ಬಂದ ಪ್ರಾಧ್ಯಾಪಕಿಯೇ. ಆದರೆ ಅವರಿಗೆ ಹದಿನೈದು ದಿನ ಮೊದಲೇ ಎರಡು ಪುಟ ಕಳಿಸಿದ್ದೆವು. ಅದರಲ್ಲಿ ಕೇಳಿದ್ದೂ ಒಂದೇ ಪ್ರಶ್ನೆ.

ಭಾಷಾ ಅಧ್ಯಾಪಕ, ವಿಜಯಪುರ

ನಮ್ಮ ಊರಿನ ಇತಿಹಾಸ ಓದಬೇಕಾದರೆ ಕನ್ನಡ ಒಂದೇ ಸಾಲದು. ಆದಿಲ್‌ಶಾಹಿ ಕಾಲದ್ದು ಪಾರ್ಸಿ ಮತ್ತು ದಖನಿಯಲ್ಲಿದೆ (ದಖನಿ ಅಂದರೆ ಈ ಕಡೆಯ ಹಳೆ ಉರ್ದು). ಮರಾಠರ ಕಾಲದ ದಫ್ತರ ಮೋಡಿ ಲಿಪಿಯಲ್ಲಿದೆ, ಅಂದರೆ ಮರಾಠಿಯನ್ನು ವೇಗವಾಗಿ ಬರೆಯೋಕೆ ಬಳಸುತ್ತಿದ್ದ ಹಳೆ ಲಿಪಿ. 1956ರವರೆಗೂ ನಾವು ಮುಂಬೈ ಪ್ರಾಂತ್ಯದ ಕಡೆಯವರು, ಹಾಗಾಗಿ ಹಳೆ ಮನೆತನಗಳ ಕಾಗದ ಪತ್ರಗಳಲ್ಲೂ ಮೋಡಿ ಸಿಗುತ್ತದೆ. ಸಮಿತಿ ಮಾಡುವಾಗ "ನಮ್ಮಲ್ಲಿ ಯಾರಿಗೆ ಏನು ಓದೋಕೆ ಬರಲ್ಲ" ಅಂತ ಮೊದಲು ಬರೆದುಕೊಳ್ಳಿ. ಆ ಕೊರತೆ ತುಂಬೋರೇ ನಿಮ್ಮ ಸಲಹೆಗಾರರು.

ನಮಗೆ ಹೀಗೇ ಒಬ್ಬ ನಿವೃತ್ತ ಗುಮಾಸ್ತರು ಸಿಕ್ಕರು. ಮೋಡಿಯನ್ನು ನೀರು ಕುಡಿದ ಹಾಗೆ ಓದುತ್ತಿದ್ದರು. ಮೋಡಿಯಲ್ಲಿ ಲೇಖನಿ ಎತ್ತದೆ ಬರೆಯುತ್ತಾರೆ, ಹ್ರಸ್ವ ದೀರ್ಘ ಸರಿಯಾಗಿ ಬೇರೆ ಮಾಡಲ್ಲ. ಪುಸ್ತಕ ನೋಡಿ ಕಲಿತ ನಮ್ಮ ಹುಡುಗರು ಸಾಲಿಗೊಂದು ಕಡೆ ಎಡವುತ್ತಿದ್ದರು. ಗುಮಾಸ್ತರು ಕಾಗದವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು, ಮೊದಲು ಊರಿನ ಹೆಸರು ಹುಡುಕಿ ಅಂತ ಹೇಳುತ್ತಿದ್ದರು. ಊರು ಸಿಕ್ಕರೆ ಮನೆತನ ಸಿಗುತ್ತೆ, ಮನೆತನ ಸಿಕ್ಕರೆ ಜಗಳ ಯಾತರದ್ದು ಅಂತ ಗೊತ್ತಾಗುತ್ತೆ. ವಾರಕ್ಕೆ ಒಂದು ಮಧ್ಯಾಹ್ನ ಬರುತ್ತಿದ್ದರು. ಅವರು ಬರುತ್ತಿದ್ದ ಆರು ತಿಂಗಳಲ್ಲಿ ಇಬ್ಬರು ಹುಡುಗಿಯರು ಸ್ವತಂತ್ರವಾಗಿ ಓದೋ ಮಟ್ಟಕ್ಕೆ ಬಂದರು. ನನ್ನ ಕಣ್ಣಲ್ಲಿ ಅದಕ್ಕಿಂತ ದೊಡ್ಡ ಸಲಹೆ ಇಲ್ಲ.

ಇನ್ನೊಂದು ಮಾತು. ವಿಶ್ವವಿದ್ಯಾಲಯದ ಹೊರಗಿನವರು ಅಂದರೆ ಒಂದು ಮೆಟ್ಟಿಲು ಕೆಳಗೆ ಅಂತ ಭಾವಿಸೋರಿಗೆ ಫ.ಗು. ಹಳಕಟ್ಟಿ ಅವರನ್ನು ನೆನಪಿಸಿ. ಅವರು ಇದೇ ಊರಲ್ಲಿ ವಕೀಲರು. ತಾಳೆಗರಿ ಕಟ್ಟುಗಳನ್ನು ಹುಡುಕಿ ವಚನಗಳನ್ನು ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಇವತ್ತು ವಚನಗಳ ಮೇಲೆ ನಡೆಯೋ ಪ್ರತಿ ಪಿಎಚ್.ಡಿ. ಅವರ ಋಣದಲ್ಲಿದೆ. ವಿಜಯಪುರದಲ್ಲಿ ಕೂತು ಈ ಪ್ರಶ್ನೆ ಕೇಳುವಾಗ ಅವರನ್ನು ಬಿಟ್ಟು ಮಾತಾಡೋಕೆ ನನಗೆ ಆಗಲ್ಲ.

ಆಡಳಿತ ವಿಭಾಗದಲ್ಲಿದ್ದವರು, ಬೆಳಗಾವಿ

ನಾನು ಕಚೇರಿ ಕಡೆಯಿಂದ ಹೇಳುತ್ತೇನೆ. ಅಧ್ಯಯನ ಮಂಡಳಿ ಬೇರೆ, ಸಲಹಾ ಸಮಿತಿ ಬೇರೆ ಅಂತ ಆದೇಶದಲ್ಲೇ ಬರೆಸಿ. ಪಠ್ಯಕ್ರಮ ಮಂಡಳಿಯ ಕೆಲಸ. ಸಲಹೆಗಾರರಿಗೆ ಅದನ್ನು ತಿದ್ದೋ ಅಧಿಕಾರ ಇಲ್ಲ, ಇದೆ ಅಂತ ಅವರಿಗೆ ಅನಿಸಿದರೆ ಆಮೇಲೆ ಮನಸ್ತಾಪ ಆಗುತ್ತೆ. ಅವಧಿ ಎರಡೋ ಮೂರೋ ವರ್ಷ ಅಂತ ಹಾಕಿ. ಅವಧಿ ಇಲ್ಲದ ಸಮಿತಿಯಿಂದ ಯಾರನ್ನೂ ಗೌರವವಾಗಿ ಬೀಳ್ಕೊಡೋಕೆ ಆಗಲ್ಲ.

ಪ್ರಯಾಣ ಭತ್ಯೆ ವಿಷಯ ಸಣ್ಣದು ಅನಿಸಬಹುದು. ನಾನು ನೋಡಿದ ಒಂದು ಕಡೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಸ್ ಟಿಕೆಟ್ ಹಿಡಿದುಕೊಂಡು ಮೂರು ಸಲ ಕಚೇರಿಗೆ ಬಂದರು. ನಾಲ್ಕನೇ ಸಲ ಸಭೆಗೇ ಬರಲಿಲ್ಲ. ಆ ಟಿಕೆಟ್ ಮೇಲಿನ ಅಕ್ಷರವೂ ಅಷ್ಟೊತ್ತಿಗೆ ಅಳಿಸಿಹೋಗಿತ್ತು. ನನಗೆ ಇವತ್ತಿಗೂ ಅದು ನೋವು. ದಯವಿಟ್ಟು ಸಭೆ ದಿನವೇ ಹಣ ಕೊಡೋ ವ್ಯವಸ್ಥೆ ಮಾಡಿಕೊಳ್ಳಿ.

ಮತ್ತೆ, ಸಲಹೆಗಾರರ ಪುಸ್ತಕ ಖರೀದಿ, ಅವರ ನೆಂಟರ ನೇಮಕ, ಅವರ ವಿದ್ಯಾರ್ಥಿಯ ಪಿಎಚ್.ಡಿ. ಪ್ರವೇಶ ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋಗಬೇಕು. ಇದನ್ನು ಮೊದಲ ಸಭೆಯಲ್ಲೇ ಎಲ್ಲರ ಮುಂದೆ ಓದಿಬಿಡಿ. ಆಮೇಲೆ ಒಬ್ಬರ ಹೆಸರು ಹಿಡಿದು ಹೇಳೋದು ಕಷ್ಟ.

ಸಂಶೋಧನಾ ವಿದ್ಯಾರ್ಥಿನಿ, ಜಮಖಂಡಿ

ನಮ್ಮ ಕಡೆಯಿಂದ ಒಂದೇ ಕೋರಿಕೆ ಮೇಡಂ. ಸಲಹೆಗಾರರು ಬಂದಾಗ ಭಾಷಣ ಇಡಬೇಡಿ. ಆ ಒಂದು ಗಂಟೆ ನಮಗೆ ಕೊಡಿಸಿ. ನನ್ನ ವಿಷಯ ಇಳಕಲ್ ನೇಕಾರ ಹೆಣ್ಣುಮಕ್ಕಳ ಹಾಡು. ಹೊರಗಿನಿಂದ ಬಂದ ಒಬ್ಬರು ನನ್ನ ಅಧ್ಯಾಯದ ಹನ್ನೆರಡು ಪುಟ ಪೆನ್ಸಿಲ್ ಹಿಡಿದು ಓದಿದರು. "ಹಾಡು ಬರೆದಿದ್ದೀಯಾ, ಹಾಡುವಾಗ ಅವರ ಕೈ ಏನು ಮಾಡ್ತಿತ್ತು ಅಂತ ಎಲ್ಲೂ ಬರೆದಿಲ್ಲ" ಅಂದರು. ಮತ್ತೆ ಇಳಕಲ್‌ಗೆ ಹೋದೆ. ಲಾಳಿ ಓಡೋ ಲಯಕ್ಕೂ ಸಾಲು ಮುರಿಯೋ ಜಾಗಕ್ಕೂ ಸಂಬಂಧ ಕಂಡಿತು. ನನ್ನ ಮಾರ್ಗದರ್ಶಕರು ತುಂಬಾ ಒಳ್ಳೆಯವರು, ಆದರೆ ದಿನಾ ನೋಡೋ ಬರವಣಿಗೆಯಲ್ಲಿ ಏನಿಲ್ಲ ಅನ್ನೋದು ಹೊರಗಿನ ಕಣ್ಣಿಗೇ ಬೇಗ ಕಾಣುತ್ತೆ ಅಲ್ವಾ?

ರಂಗಕರ್ಮಿ, ಬೆಳಗಾವಿ ಜಿಲ್ಲೆ

ನಾನೇ ಒಂದು ಕೇಂದ್ರಕ್ಕೆ ಸಲಹೆಗಾರನಾಗಿದ್ದೆ. ಕರೆಸಿಕೊಂಡವರ ಮನಸ್ಸಿನಲ್ಲಿ ಏನಿರುತ್ತೆ ಅಂತಲೂ ತಿಳಿದಿರಲಿ. ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನು ಸಭಾಂಗಣದಲ್ಲಿ ಎರಡು ತಾಸಿಗೆ ಇಳಿಸಿ ಚಿತ್ರೀಕರಿಸೋ ಯೋಜನೆ ಅವರದ್ದು. ಆಟ ಇಡೀ ರಾತ್ರಿಯದ್ದು, ಊರಲ್ಲೇ ಮಾಡಿ, ಜನರನ್ನೂ ಕ್ಯಾಮೆರಾದಲ್ಲಿ ಹಿಡಿಯಿರಿ ಅಂತ ಬರೆದುಕೊಟ್ಟೆ. ಹಣ ಸಾಲಲ್ಲ ಅಂತ ಸಭಾಂಗಣದಲ್ಲೇ ಮಾಡಿದರು. ಅದಕ್ಕೆ ನನಗೆ ಬೇಸರವಿಲ್ಲ, ಹಣದ ಕಷ್ಟ ನನಗೂ ಗೊತ್ತು. ಆದರೆ ಯಾಕೆ ಆಗಲಿಲ್ಲ ಅಂತ ಯಾರೂ ಒಂದು ಸಾಲು ತಿಳಿಸಲಿಲ್ಲ. ಆಹ್ವಾನ ಪತ್ರಿಕೆ ನೋಡಿ ಗೊತ್ತಾಯಿತು. ಸಲಹೆ ತಗೊಳ್ಳದಿದ್ದರೂ ಪರವಾಗಿಲ್ಲ, ಅದು ಏನಾಯಿತು ಅಂತ ಒಂದು ಫೋನ್ ಮಾಡಿ.

ಕೇಳಿದವರು

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಿನ್ನೆ ರಾತ್ರಿ ಕೂತು "ನಮಗೆ ಏನು ಬರಲ್ಲ" ಅನ್ನೋ ಪಟ್ಟಿ ಬರೆದೆ. ಪಾರ್ಸಿ, ಮೋಡಿ, ಧ್ವನಿ ದಾಖಲೆ ಕಾಪಾಡೋದು, ಅನುದಾನದ ಅರ್ಜಿ ಬರೆಯೋದು. ಐದನೆಯದಾಗಿ ಊರಿನ ಒಬ್ಬರು ಹೆಣ್ಣುಮಗಳು ಬೇಕು ಅನಿಸಿತು, ಯಾಕೆಂದರೆ ನಾನು ಯೋಚಿಸಿದ ಹೆಸರುಗಳೆಲ್ಲ ಗಂಡಸರದ್ದೇ ಆಗಿದ್ದವು. ವರ್ಷಕ್ಕೆ ಎರಡೇ ಸಭೆ ಇಡುತ್ತೇನೆ. ಮಧ್ಯೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಪ್ರತಿ ಸಭೆಯ ಮೊದಲ ಹಾಳೆ "ಹೋದ ಸಲ ನೀವು ಹೇಳಿದ್ದು, ನಾವು ಮಾಡಿದ್ದು, ಮಾಡದೆ ಬಿಟ್ಟಿದ್ದು, ಯಾಕೆ" ಅಂತ ಇರುತ್ತೆ. ಪ್ರಯಾಣ ಭತ್ಯೆ ಬಗ್ಗೆ ಇವತ್ತೇ ಹಣಕಾಸು ವಿಭಾಗಕ್ಕೆ ಪತ್ರ ಕೊಟ್ಟೆ.

ಮೋಡಿ ಕಲಿಸೋಕೆ ವಾರಕ್ಕೊಂದು ಮಧ್ಯಾಹ್ನ ಬರೋಕೆ ಒಪ್ಪುವವರು ವಿಜಯಪುರ ಸುತ್ತಮುತ್ತ ಯಾರಾದರೂ ಗೊತ್ತಿದ್ದರೆ ತಿಳಿಸಿ. ನಾನೇ ಮನೆಗೆ ಹೋಗಿ ಕೇಳುತ್ತೇನೆ.