ನಮ್ಮ ಬಡಾವಣೆ ಗ್ರೂಪ್‌ನಲ್ಲಿ ಇವತ್ತಿನ ಮಾತು: ಟಿಬಿ ಪರೀಕ್ಷೆಗೆ ಕಫ ಕೊಟ್ಟು ಬಂದವರು ಮಾತ್ರೆ ತನಕ ತಲುಪುತ್ತಿಲ್ಲ, ಏನು ಮಾಡೋಣ?

2ನೇ ಕ್ರಾಸ್ ಮೇಷ್ಟ್ರು: ಚರಂಡಿ ವಿಷಯ ನಾಳೆ ಮಾತಾಡೋಣ, ಇವತ್ತು ಇದನ್ನು ಓದಿ. ನಮ್ಮ ಬಡಾವಣೆಯಲ್ಲಿ ಬಾಡಿಗೆಗಿರುವ ಒಬ್ಬ ಹುಡುಗ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಎರಡು ತಿಂಗಳಿಂದ ಕೆಮ್ಮುತ್ತಿದ್ದ. ಭಟ್ಟಿಯಲ್ಲಿ ಕೆಮ್ಮದವರು ಯಾರಿದ್ದಾರೆ? ಹೊಗೆ ಕೆಮ್ಮು ಅಂತ ಸುಮ್ಮನಿದ್ದ. ಕೊನೆಗೆ ಕಫ ಕೊಟ್ಟು ಬಂದ. ಟಿಬಿ ಅಂತ ರಿಪೋರ್ಟ್ ಬಂದು 20 ದಿನ ಆಗಿದೆ, ಅವನಿಗೆ ಗೊತ್ತಾಗಿದ್ದು ಮೊನ್ನೆ! ಬರೆಸಿದ ನಂಬರ್ ಹಳೇ ಸಿಮ್‌ದು, ವಿಳಾಸ ಜಗಳೂರು ಕಡೆಯ ಹಳ್ಳಿಯದು. ಇಲ್ಲಿ ಯಾರು ಹುಡುಕುತ್ತಾರೆ?

5ನೇ ಕ್ರಾಸ್: ಯಾವ ಮನೆ ಮೇಷ್ಟ್ರೇ? ಮಕ್ಕಳು ಅಲ್ಲೆಲ್ಲ ಆಡುತ್ತವೆ.

ಅಡ್ಮಿನ್: ಹೆಸರು, ಮನೆ ನಂಬರ್ ಇಲ್ಲಿ ಬೇಡ. ಕೊರೊನಾ ಟೈಮಲ್ಲಿ ಒಬ್ಬರ ಮನೆ ಬಾಗಿಲ ಫೋಟೋ ಹಾಕಿ ಏನಾಯ್ತು, ನೆನಪಿದೆ ಅಲ್ವಾ? ಹಾಕಿದರೆ ಡಿಲೀಟ್ ಮಾಡುತ್ತೇನೆ.

ಟೈಲರ್ ಅಂಗಡಿ: ನಾನು ಹೇಳುತ್ತೇನೆ. 2019ರಲ್ಲಿ ನನಗೂ ಬಂದಿತ್ತು. ಮೊದಲ ದಿನ ಆಸ್ಪತ್ರೆಗೆ ಹೋದರೆ ಸೋಮವಾರ ಬನ್ನಿ ಅಂದರು. ಸೋಮವಾರ ಅಂಗಡಿ ಮುಚ್ಚಿ ಹೋದರೆ ಇನ್ನೊಂದು ಕೌಂಟರ್ ತೋರಿಸಿದರು. ಆಮೇಲೆ ಹೋಗಲೇ ಇಲ್ಲ. ಮಗಳ ಮದುವೆ ಮಾತು ನಡೆಯುತ್ತಿತ್ತು, ಬೀಗರ ಕಿವಿಗೆ ಬಿದ್ದರೆ ಅನ್ನೋ ಹೆದರಿಕೆ ಬೇರೆ. ರಿಪೋರ್ಟನ್ನು ಹೊಲಿಗೆ ಮಷೀನ್ ಡ್ರಾದಲ್ಲಿ ಇಟ್ಟುಕೊಂಡು 15 ದಿನ ಕೂತೆ. ನಮ್ಮ ಆಶಾ ಅಕ್ಕ ಬಂದು ಕರೆದುಕೊಂಡು ಹೋಗದಿದ್ದರೆ ಇವತ್ತು ಈ ಮೆಸೇಜ್ ಇರುತ್ತಿರಲಿಲ್ಲ. ಆರು ತಿಂಗಳು ಮಾತ್ರೆ ನುಂಗಿದೆ, ಮದುವೆಯೂ ಆಯ್ತು.

ಆಶಾ ಅಕ್ಕ: ಅಣ್ಣನೇ ಹೇಳಿದರು, ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. 5ನೇ ಕ್ರಾಸ್‌ನವರೇ, ಹೆದರಬೇಕಾದ್ದು ಮಾತ್ರೆ ಶುರು ಮಾಡಿದವರಿಗಲ್ಲ, ಮಾಡದೆ ಓಡಾಡುವವರಿಗೆ. ಸರಿಯಾಗಿ ನುಂಗಿದರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ಹರಡುವುದು ತುಂಬಾ ಕಡಿಮೆಯಾಗುತ್ತದೆ. ತಟ್ಟೆ ಲೋಟದಿಂದ ಬರಲ್ಲ, ಕೆಮ್ಮಿದಾಗ ಗಾಳಿಯಲ್ಲಿ ಬರುತ್ತದೆ. ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ಊಟಕ್ಕೆ ಅಂತ ಸರ್ಕಾರದಿಂದ ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ, ಬ್ಯಾಂಕ್ ಪಾಸ್‌ಬುಕ್ ತರಬೇಕು. ಹುಡುಗ ಊರಿಗೆ ಹೋದರೂ ತೊಂದರೆ ಇಲ್ಲ, ಟಿಬಿ ರೋಗಿಗಳ ಸರ್ಕಾರಿ ನೋಂದಣಿಯ ನಿಕ್ಷಯ್ ನಂಬರ್ ಇದ್ದರೆ ಚಿಕಿತ್ಸೆ ಅಲ್ಲಿಗೇ ವರ್ಗ ಮಾಡಿಸಬಹುದು. ರೂಮಲ್ಲಿ ಜೊತೆಗಿರುವವರನ್ನೂ ಪರೀಕ್ಷೆ ಮಾಡಿಸಬೇಕು. ಇನ್ನು ಮುಂದೆ ಕಫ ಕೊಡುವವರು ಎರಡು ನಂಬರ್ ಬರೆಸಿ, ಒಂದು ಓನರ್‌ದೋ ಕಿರಾಣಿ ಅಂಗಡಿದೋ. ಈಗ ಇರೋ ಜಾಗದ ವಿಳಾಸ ಕೊಡಿ, ಆಧಾರ್‌ದಲ್ಲ.

ಕಿರಾಣಿ ಅಂಗಡಿ: ನನ್ನ ನಂಬರ್ ಯಾರು ಬೇಕಾದರೂ ಬರೆಸಲಿ. ಏನು ಎತ್ತ ಕೇಳಲ್ಲ, ಫೋನ್ ಬಂದರೆ ಕರೆದು ಕೊಡುತ್ತೇನೆ.

ಆಟೊ ಅಣ್ಣ: ಮೇಷ್ಟ್ರೇ, ನಾಳೆ 9ಕ್ಕೆ ಗಾಡಿ ತರುತ್ತೇನೆ. ಬಾಡಿಗೆ ಬೇಡ.

5ನೇ ಕ್ರಾಸ್: ಭಟ್ಟಿ ಮಾಲೀಕರು ನಮ್ಮ ಪರಿಚಯದವರೇ. ಅರ್ಧ ದಿನ ರಜೆ ಕೇಳುತ್ತೇನೆ. ಜ್ವರ ಅಂತ ಹೇಳಲಾ?

ಆಶಾ ಅಕ್ಕ: ಏನೂ ಹೇಳಬೇಡಿ, ಆಸ್ಪತ್ರೆ ಕೆಲಸ ಅಂದರೆ ಸಾಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇರುವವರು ಯಾರೇ ಇದ್ದರೂ ನನಗೆ ಒಬ್ಬಳಿಗೇ ಮೆಸೇಜ್ ಹಾಕಿ. ಸಹಾಯವಾಣಿ 1800-11-6666, ಅದೂ ಫ್ರೀ.

2ನೇ ಕ್ರಾಸ್ ಮೇಷ್ಟ್ರು: ಹುಡುಗ ಬರುತ್ತೇನೆ ಅಂದಿದ್ದಾನೆ. ಆದರೆ ಪಾಸ್‌ಬುಕ್ ಊರಲ್ಲಿದೆಯಂತೆ.

ಆಶಾ ಅಕ್ಕ: ಪಾಸ್‌ಬುಕ್ ಆಮೇಲೆ ತರಲಿ. ಮಾತ್ರೆ ನಾಳೆಯೇ ಶುರುವಾಗಲಿ.