ಹೈದರಾಬಾದಿನ ಮೇಜಿಗೆ ಏನು ಒಯ್ಯಬೇಕು: ನಮ್ಮ ಕಥೆಯೋ, ಜನ ಕೇಳುವ ಹೀರೋಗಳೋ?

ಶಹಾಬಾದ್ ಪೆನ್ಸಿಲ್:
ಎಲ್ಲರಿಗೂ ನಮಸ್ಕಾರ್ರಿ. ನಾನು ಚಿತ್ರ ತೆಗೀತೀನಿ, ನನ್ನ ಗೆಳತಿ ಕಥಿ ಬರೀತಾಳ. ಇಬ್ಬರೂ ಕೂಡಿ ಹೈದರಾಬಾದಿನ ಕಾಮಿಕ್ ಕಾನ್‌ನಾಗ (ಚಿತ್ರಕಥಿ, ಸೂಪರ್‌ಹೀರೋ ಅಭಿಮಾನಿಗಳ ಮೇಳ) ಕಲಾವಿದರ ಸಾಲಿನೊಳಗ ಒಂದು ಮೇಜು ಹಿಡೀಬೇಕಂತ ಮಾಡೀವಿ. ಬೆಂಗಳೂರಿಗಿಂತ ನಮಗ ಅದೇ ಹತ್ರ. ನಮ್ಮ ಕಥಿಯೊಳಗ ಭೀಮಾ ನದಿ ಬತ್ತಿ ನೂರಾರು ವರ್ಷ ಆಗ್ಯಾವ. ಅದರ ದಂಡಿ ಮ್ಯಾಲಿನ ಸನ್ನತಿಯ ಹಳೇ ಬೌದ್ಧ ಶಿಲ್ಪದ ಕಲ್ಲುಗಳಿಗೆ ಮಾತ್ರ ನೀರಿನ ನೆನಪು ಉಳದದ. ಆ ಕಲ್ಲಿನ ಮಾತು ಕೇಳಬಲ್ಲ ಹುಡುಗಿ ಒಬ್ಬಾಕಿ ಕಲಬುರಗಿ ಕೋಟಿ ಮ್ಯಾಲಿನ ಹಳೇ ತೋಪನ್ನ (ಫಿರಂಗಿಯನ್ನ) ಹಾರೋ ಯಂತ್ರ ಮಾಡ್ತಾಳ.

ನಮ್ಮ ಹತ್ರ ಒಂದು ಸಣ್ಣ ಕನ್ನಡ ಪುಸ್ತಕ, ಒಂದಷ್ಟು ಪ್ರಿಂಟು, ಕೈಯಿಂದ ಬಣ್ಣ ಹಚ್ಚಿದ ಮೂಲ ಚಿತ್ರ ಅವ. ಆದ್ರ ಕೇಳಿದವರೆಲ್ಲ ಒಂದೇ ಮಾತು ಹೇಳ್ತಾರ: ನಿಮ್ಮ ಹುಡುಗಿ ಯಾರಿಗೂ ಗೊತ್ತಿಲ್ಲ, ಗೊತ್ತಿರೋ ಸೂಪರ್‌ಹೀರೋ, ಅನಿಮೆ (ಜಪಾನಿ ಕಾರ್ಟೂನ್) ಚಿತ್ರ ತೆಗದು ಒಯ್ಯಿರಿ, ಅವೇ ಮಾರ್ತಾವ. ಖರೇನಾ? ಮತ್ತ ಹೈದರಾಬಾದಿನಾಗ ಕನ್ನಡ ಪುಸ್ತಕ ಯಾರು ತೊಗೋತಾರ?

ಸೂಪರ್ ಮಾರ್ಕೆಟ್ ಪ್ರಿಂಟ್:
ತಂಗಿ, ನಾನು ಇಲ್ಲೇ ಪ್ರಿಂಟಿಂಗ್ ಕೆಲಸ ಮಾಡಾಂವ. ಬೆಂಗಳೂರಿನ ಮೇಳದಾಗ ಮೇಜು ಹಾಕಿ ಮಾರೀನಿ. ಲೆಕ್ಕ ಮೊದಲು ನೋಡಮ್ಮ. ಮೇಜಿನ ಬಾಡಿಗಿ, ಹೋಗಿ ಬರೋದು, ವಸ್ತಿ, ಊಟ ಎಲ್ಲ ಕೂಡಿ ₹20,000 ಅಂತ ಇಟ್ಕೋ. ಒಂದು ಪ್ರಿಂಟಿಗೆ ಕಾಗದ, ಬಣ್ಣ, ಪ್ಲಾಸ್ಟಿಕ್ ಚೀಲ ಸೇರಿ ₹60 ಬೀಳ್ತದ, ₹200ಕ್ಕ ಮಾರ್ತಿ. ನಿನಗ ಉಳಿಯೋದು ₹140. ಅಂದ್ರ 143 ಪ್ರಿಂಟು ಹೋದ ಮ್ಯಾಲ ನಿನ್ನ ಖರ್ಚು ವಾಪಸ್ ಬರ್ತದ, ಅಲ್ಲೀತನಕ ನಿನ್ನ ಕೈಗೆ ಒಂದು ರೂಪಾಯಿನೂ ಇಲ್ಲ. ಮೂರು ದಿನದ ಮೇಳದಾಗ ದಿನಕ್ಕ ಸುಮಾರು 48. ಯಾರಿಗೂ ಗೊತ್ತಿಲ್ಲದ ಹುಡುಗಿ ಚಿತ್ರ ದಿನಕ್ಕ 48 ಹೋಗ್ತಾವೇನು? ಮಂದಿ ನಡಕೋತ ಹೋಗ್ತಿರ್ತಾರ. ಗುರ್ತಿನ ಮುಖ ಕಂಡ್ರೇ ಕಾಲು ನಿಲ್ತಾವ. ಅವರನ್ನ ನಿಲ್ಲಿಸಾಕ ಹೀರೋ ಚಿತ್ರ ಬೇಕು. ನಿಂತ ಮ್ಯಾಲ ನಿನ್ನ ಪುಸ್ತಕ ತೋರಸು.

ನಮ್ಮ ಊರಿನ ಎಸ್.ಎಂ. ಪಂಡಿತರು ಏನು ಮಾಡಿದ್ರು? ಸಿನಿಮಾ ಪೋಸ್ಟರ್ ಬರದ್ರು, ಕ್ಯಾಲೆಂಡರಿಗೆ ದೇವರ ಚಿತ್ರ ಬರದ್ರು. ಜನಕ್ಕ ಗೊತ್ತಿದ್ದ ಮುಖಾನೇ ಬರದ್ರು, ಮನಿಮನಿಗೂ ಮುಟ್ಟಿದ್ರು.

ಸುರಪುರದ ಓದುಗ:
ಅಣ್ಣಾರ, ಪಂಡಿತರ ಹೆಸರು ತಂದಿದ್ದಕ್ಕ ಉತ್ತರ ಕೊಡಲೇಬೇಕು. 1916ರಾಗ ಕಲಬುರಗಿಯೊಳಗ ಹುಟ್ಟಿ, ಮುಂಬೈಯಾಗ ದೊಡ್ಡ ಹೆಸರು ಮಾಡಿದ ಕಲಾವಿದರು ಅವರು. ಸಿನಿಮಾ ಪೋಸ್ಟರ್ ಬರದದ್ದು ಸಿನಿಮಾದವರೇ ಕೇಳಿ, ರೊಕ್ಕ ಕೊಟ್ಟು ಬರಸಿದ್ದಕ್ಕ. ದೇವರ ಚಿತ್ರ ಬರದ್ರು, ಆದ್ರ ಶಿವ, ಕೃಷ್ಣ ಯಾವ ಕಂಪನಿಯ ಸ್ವತ್ತೂ ಅಲ್ಲ. ಆ ಬಣ್ಣ, ಆ ಮೈಕಟ್ಟು, ಆ ಬೆಳಕು ಪಂಡಿತರದೇ. ನೀವು ಹೇಳ್ಲತ್ತಿದ್ದು ಬ್ಯಾರೆ. ಇನ್ನೊಬ್ಬರು ಕಟ್ಟಿದ ಪಾತ್ರ, ಅವರ ಉಡುಪು, ಅವರ ಲಾಂಛನ, ಅವರನ್ನ ಕೇಳದೆ ಅಚ್ಚು ಹಾಕಿ ಮಾರೋದು. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಅದನ್ನ ಮಾಡಿದವರ ಜೀವಮಾನ, ಅದರ ಮ್ಯಾಲ 60 ವರ್ಷ ಇರ್ತದ. ಅದನ್ನ ರೂಪಾಂತರ ಮಾಡೋ ಹಕ್ಕೂ ಅವರದೇ. ಮೇಳದಾಗ ಹತ್ತು ಮೇಜಿನ ಮ್ಯಾಲ ಅದೇ ನಡೀತದ ಅಂದ ಮಾತ್ರಕ್ಕ ಅದು ಅನುಮತಿ ಆಗೋದಿಲ್ಲ. ಹಕ್ಕಿನವರು ಸುಮ್ಮನಿದ್ದಾರ, ಅಷ್ಟೇ.

ನನಗ ಕಾಯ್ದೆಗಿಂತ ಹೆಚ್ಚು ಚುಚ್ಚೋದು ಇನ್ನೊಂದು ವಿಷಯ. ಆ ಹೀರೋ ಪ್ರಿಂಟ್ ಒಯ್ದಾಂವ ಮನಿಗೆ ಹೋಗಿ ಯಾರ ಹೆಸರು ಹೇಳ್ತಾನ? ಹೀರೋನ ಹೆಸರು. ಬರದಾಕಿ ಯಾರಂತ ಅವನಿಗೆ ಬೇಕೇ ಆಗಿಲ್ಲ. ಮುಂದಿನ ವರ್ಷ ಅದೇ ಹೀರೋ ಇನ್ನೊಂದು ಮೇಜಿನ ಮ್ಯಾಲ ₹150ಕ್ಕ ಸಿಕ್ರ ಅಲ್ಲೇ ತೊಗೋತಾನ.

ಸೂಪರ್ ಮಾರ್ಕೆಟ್ ಪ್ರಿಂಟ್:
ಓದುಗರೇ, ಅನುಮತಿ ಮಾತು ಒಪ್ಪಿದೆ. ಆದ್ರ ಮೊದಲನೇ ದಿನ ಮಧ್ಯಾಹ್ನದ ತನಕ ಮೇಜಿನ ಮುಂದ ಒಬ್ಬರೂ ನಿಲ್ಲಲಿಲ್ಲಂದ್ರ ಆ ಇಬ್ಬರು ಹುಡುಗ್ಯಾರ ಮನಸ್ಸಿಗೆ ಏನಾಗ್ತದ ಅದನ್ನೂ ವಿಚಾರ ಮಾಡ್ರಿ. ಖರ್ಚು ಮೈಮ್ಯಾಲ ಬಂದ ಕಲಾವಿದರು ಮತ್ತ ಆ ಕಡಿ ಮುಖ ಹಾಕೋದಿಲ್ಲ. ಅಂಥವರನ್ನ ನಾನು ನೋಡೀನಿ. ಅದಕ್ಕ ಹೇಳ್ಲತ್ತೀನಿ.

ಆಳಂದ ರೋಡ್:
ನಾನು ಮಾರುವವನಲ್ಲ, ಕೊಳ್ಳುವವ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆ. ಹೈದರಾಬಾದಿನ ಮೇಳಕ್ಕೆ ಗೆಳೆಯರ ಜೊತೆ ಹೋಗಿದ್ದೆ. ನಮ್ಮಂಥವರ ಜೇಬಿನಲ್ಲಿ ಟಿಕೆಟ್, ಬಸ್, ಬಿರಿಯಾನಿ ಕಳೆದು ಉಳಿಯುವುದೇ ಸ್ವಲ್ಪ. ಹಾಗಾಗಿ ಕೈ ಮೊದಲು ಹೋಗುವುದು ಸ್ಟಿಕ್ಕರ್, ಬುಕ್‌ಮಾರ್ಕ್, ಪೋಸ್ಟ್‌ಕಾರ್ಡ್‌ಗಳ ಕಡೆಗೆ. ₹50ಕ್ಕೆ ಏನಾದರೂ ಇಡಿ, ಅಕ್ಕ. ಬೆಲೆ ಬರೆದು ಹಾಕಿ. ಬೆಲೆ ಕೇಳಲು ಸಂಕೋಚಪಟ್ಟು ಎಷ್ಟೋ ಮೇಜುಗಳನ್ನು ದಾಟಿ ಹೋಗಿದ್ದೇನೆ. ಚಿತ್ರಗಳನ್ನು ಮೇಜಿನ ಮೇಲೆ ಮಲಗಿಸಬೇಡಿ. ಗುಂಪಿನಲ್ಲಿ ಎರಡನೇ ಸಾಲಿನಲ್ಲಿ ನಿಂತವರಿಗೆ ಅವು ಕಾಣುವುದೇ ಇಲ್ಲ. ತಂತಿ ಜಾಲರಿ ನಿಲ್ಲಿಸಿ ಕಣ್ಣಿನ ಎತ್ತರಕ್ಕೆ ತೂಗುಹಾಕಿ.

ಇನ್ನೊಂದು ಮಾತು. ನಾನು ಹೀರೋ ಪ್ರಿಂಟ್ ಕೊಂಡಿದ್ದೇನೆ. ಅದು ಹಾಸ್ಟೆಲ್ ಗೋಡೆಯ ಮೇಲಿದೆ. ಬರೆದವರು ಯಾರೆಂದು ಈಗ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಸುರಪುರದವರ ಮಾತು ಓದಿದಾಗ ಎದ್ದು ಹೋಗಿ ಮೂಲೆಯಲ್ಲಿ ಸಹಿ ಇದೆಯಾ ಎಂದು ನೋಡಿ ಬಂದೆ. ಇಲ್ಲ.

ಹುಮನಾಬಾದಿನಾಂವ:
ಕೆಲಸದ ಸಲುವಾಗಿ ಹೊರದೇಶದಾಗ ಇದ್ದೀನಿ. ಅಲ್ಲಿನ ವಿಜ್ಞಾನ ಕಾದಂಬರಿ ಸಮ್ಮೇಳನಗಳ ಪದ್ಧತಿ ಹೇಳ್ತೀನಿ, ಇಲ್ಲಿಗೆ ಉಪಯೋಗ ಆದೀತು. ಮೊದಲನೇ ವರ್ಲ್ಡ್‌ಕಾನ್, ಅಂದ್ರ ವಿಶ್ವ ವಿಜ್ಞಾನ ಕಾದಂಬರಿ ಸಮ್ಮೇಳನ, ನಡದದ್ದು 1939ರಾಗ, ನ್ಯೂಯಾರ್ಕಿನಾಗ. ಅದರ ಗೌರವ ಅತಿಥಿ ಫ್ರಾಂಕ್ ಆರ್. ಪಾಲ್, ಪತ್ರಿಕೆಗಳ ಮುಖಪುಟಕ್ಕ ರಾಕೆಟ್ಟು, ಗ್ರಹ ಬರೀತಿದ್ದ ಚಿತ್ರಕಾರ. ಕಾದಂಬರಿಕಾರರನ್ನ ಬಿಟ್ಟು ಒಬ್ಬ ಚಿತ್ರಕಾರನ್ನ ಆ ಮಂದಿ ಮೊದಲು ಕರದ್ರು. ಆ ಮಂದಿಗೆ ಚಿತ್ರ ಅಂದ್ರ ಅಷ್ಟು ಪ್ರೀತಿ.

ಅಲ್ಲಿ ಮಾರೋ ಜಾಗ ಎರಡು. ಒಂದು ವ್ಯಾಪಾರಿಗಳ ಕೋಣಿ; ಅಲ್ಲಿ ನೀವೇ ಮೇಜಿನ ಹಿಂದ ನಿಲ್ಲಬೇಕು. ಇನ್ನೊಂದು ಕಲಾ ಪ್ರದರ್ಶನ. ಅಲ್ಲಿ ಫಲಕದ ಜಾಗಕ್ಕ ಬಾಡಿಗಿ ಕೊಟ್ಟು ಚಿತ್ರ ತೂಗುಹಾಕ್ತೀರಿ, ಮಾರಾಟ ಆದದ್ದರಾಗ ಸಮ್ಮೇಳನದವರು ಒಂದು ಪಾಲು ಹಿಡಕೋತಾರ. ಪ್ರತಿ ಮೂಲ ಚಿತ್ರದ ಬದಿಗೆ ಒಂದು ಚೀಟಿ ಇರ್ತದ. ಕನಿಷ್ಠ ಬೆಲಿ ನೀವು ಬರದಿರ್ತೀರಿ, ಬೇಕಾದವರು ತಮ್ಮ ಬೆಲಿ ಏರಿಸಿ ಬರೀತಾರ. ಚೀಟಿ ಮ್ಯಾಲ ಪೈಪೋಟಿ ಹೆಚ್ಚಾದ್ರ ಬಾಯಿ ಹರಾಜಿಗೆ ಹೋಗ್ತದ. ಪ್ರಿಂಟುಗಳಿಗೆ ಬ್ಯಾರೆ ಅಂಗಡಿ, ಗೊತ್ತು ಮಾಡಿದ ಬೆಲಿ. ಮೂಲ ಚಿತ್ರ ಮತ್ತ ಪ್ರಿಂಟು ಒಂದರ ಮಗ್ಗಲಿಗೆ ಒಂದು ಇಟ್ಟು ಗೊಂದಲ ಮಾಡೋದಿಲ್ಲ. ಈ ಒಂದು ಪದ್ಧತಿ ನೀವೂ ನಿಮ್ಮ ಮೇಜಿನ ಮ್ಯಾಲ ಮಾಡಬಹುದು. ಮೂಲ ಚಿತ್ರ ಹಿಂದ, ಮ್ಯಾಲ, ಒಂದೋ ಎರಡೋ. ಕೆಳಗ ಪ್ರಿಂಟು.

ಮೂಲ ಚಿತ್ರ ಮಾರಿದ್ರ ಕಾಗದ ಮಾತ್ರ ಅವರದು, ಅಚ್ಚು ಹಾಕೋ ಹಕ್ಕು ನಿಮ್ಮ ಹತ್ರಾನೇ ಉಳೀತದ. ನಮ್ಮ ದೇಶದ ಕಾಯ್ದೆಯಾಗೂ ಹಾಂಗೇ ಅದ. ಹಕ್ಕು ಬಿಟ್ಟುಕೊಡೋದಿದ್ರ ಬರವಣಿಗೆಯಾಗ, ಸಹಿ ಹಾಕಿ ಕೊಡಬೇಕು. ಎಷ್ಟು ವರ್ಷ ಅಂತ ಬರೀಲಿಲ್ಲಂದ್ರ 5 ವರ್ಷ ಅಂತ ಹಿಡೀತಾರ, ಎಲ್ಲಿ ಅಂತ ಬರೀಲಿಲ್ಲಂದ್ರ ಭಾರತಕ್ಕಷ್ಟೇ. ಮೇಳದಾಗ ಯಾರಾದರೂ ಬಂದು ನಿಮ್ಮ ಹುಡುಗಿ ಚಿತ್ರ ನಮ್ಮ ಟೀ ಶರ್ಟಿಗೆ ಬೇಕು ಅಂದ್ರ ಬಾಯಿ ಮಾತಿನ ಮ್ಯಾಲ ಹ್ಞೂಂ ಅನಬ್ಯಾಡ್ರಿ.

ಬೀದರ್ ಬೆಳ್ಳಿ ತಂತಿ:
ನಮ್ಮದು ಬಿದ್ರಿ ಕೆಲಸ. ವಿಜ್ಞಾನ ಕಥಿ ನನಗ ಗೊತ್ತಿಲ್ಲ, ಮೇಳದಾಗ ಮಾರೋದು ಗೊತ್ತದ. ದಿಲ್ಲಿ, ಹೈದರಾಬಾದ್ ಎಲ್ಲಾ ಕಡಿ ಕುಂತೀನಿ. ತಯಾರಾದ ಹೂಜಿ ಒಂದೇ ಇಟ್ರ ಗಿರಾಕಿ ಬೆಲಿ ಕೇಳ್ತಾನ, ಅರ್ಧಕ್ಕ ಕೇಳ್ತಾನ, ಹೋಗ್ತಾನ. ಅದಕ್ಕ ನಾನು ಅದರ ಮಗ್ಗಲಿಗೆ ಎರಕ ಹೊಯ್ದ ಬೂದು ಬಣ್ಣದ ತುಂಡು ಇಡ್ತೀನಿ, ಸತುವು, ತಾಮ್ರ ಕೂಡಿದ್ದು. ಅದರ ಮಗ್ಗಲಿಗೆ ಉಳಿಯಿಂದ ಕೆತ್ತಿದ್ದು. ಆಮ್ಯಾಲ ಬೆಳ್ಳಿ ತಂತಿ ಬಡದದ್ದು. ಕಡೀಕ ಬೀದರ್ ಕೋಟಿಯ ಮಣ್ಣು, ನವಸಾಗರ ಹಚ್ಚಿ ಕಪ್ಪು ಮಾಡಿದ್ದು. ಕೈಯಾಗ ಕೊಟ್ಟು ಮುಟ್ಟಿ ನೋಡ್ರಿ ಅಂತೀನಿ. ಅದು ನೋಡಿದಾಂವ ಅರ್ಧಕ್ಕ ಕೇಳೋದಿಲ್ಲ. ತೊಗೊಳ್ಳಲಿಕ್ಕೆ ಆಗಲಿಲ್ಲಂದ್ರೂ ಗೌರವದಿಂದ ಹೋಗ್ತಾನ.

ನೀ ಹಾಂಗೇ ಮಾಡು ಬೇಟಿ. ಸನ್ನತಿಗೆ ಹೋಗಿ ಕುಂತು ತೆಗದ ಪೆನ್ಸಿಲ್ ಗೀಟು ಇರ್ತಾವಲ್ಲ, ಅವನ್ನೂ ಒಯ್ಯಿ. ಮಾರಲಿಕ್ಕಲ್ಲ, ತೋರಸಲಿಕ್ಕ. ಮತ್ತ ಬೆಲಿ ವಿಷಯ: ಮೂಲ ಚಿತ್ರಕ್ಕ ಎಷ್ಟು ದಿನ ಕುಂತಿ, ಆ ದಿನಗಳ ಕೂಲಿ ಹಾಕು. ಕಾಗದ, ಬಣ್ಣದ ರೊಕ್ಕ ಕೂಡಸು. ಅದಕ್ಕಿಂತ ಕೆಳಗ ಇಳೀಬ್ಯಾಡ. ಮೊದಲ ದಿನ ನೀ ಇಳಿಸಿದ ಬೆಲಿ ಮೂರನೇ ದಿನದ ತನಕ ಬೆನ್ನ ಹಿಂದ ಬರ್ತದ, ಮಗ್ಗಲ ಮೇಜಿನ ಕಲಾವಿದರಿಗೂ ಹತ್ತತದ.

ಯಾದಗಿರಿ ಪುಸ್ತಕ:
2020ರ ಫೆಬ್ರವರಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಯಲ್ಲಿ ನಿಂತಿದ್ದವಳು ನಾನು. ಅಲ್ಲಿ ಬಂದವರು ಕನ್ನಡ ಪುಸ್ತಕಕ್ಕಾಗಿಯೇ ಬಂದಿದ್ದರು, ಚೀಲ ತಂದಿದ್ದರು. ಕಾಮಿಕ್ ಕಾನ್‌ಗೆ ಬರುವವರು ವೇಷ ನೋಡಲು, ವೇಷ ಹಾಕಲು, ಗೆಳೆಯರ ಜೊತೆ ದಿನ ಕಳೆಯಲು ಬರುತ್ತಾರೆ. ಆ ವ್ಯತ್ಯಾಸ ಮನಸ್ಸಿನಲ್ಲಿರಲಿ. ಆದರೆ ಹೈದರಾಬಾದಿನಲ್ಲಿ ಕನ್ನಡ ಓದುವವರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾಚಿಗುಡಾದಲ್ಲಿ ಕನ್ನಡ ಶಾಲೆಯೇ ಇದೆ. ಬೀದರ್, ಸೇಡಂ, ಗುರುಮಠಕಲ್ ಕಡೆಯಿಂದ ದುಡಿಯಲು, ಓದಲು ಹೋದವರ ಮಕ್ಕಳು ಆ ಊರಿನ ತುಂಬ ಇದ್ದಾರೆ. ಮೇಜಿನ ಮುಂದೆ ದೊಡ್ಡ ಕನ್ನಡ ಅಕ್ಷರದಲ್ಲಿ ಪುಸ್ತಕದ ಹೆಸರು ಬರೆದು ನಿಲ್ಲಿಸಿ. ಅವರು ತಾವಾಗಿ ಬರುತ್ತಾರೆ, ಊರಿನ ಹೆಸರು ಕೇಳುತ್ತಾರೆ, ಮಾತಿಗೆ ನಿಲ್ಲುತ್ತಾರೆ. ಅದು ನನ್ನ ಖಚಿತ ನಂಬಿಕೆ.

ಉಳಿದವರಿಗೆ? ನಮಗೆ ದಖ್ಖನಿ, ಅಂದರೆ ಈ ಕಡೆಯ ಆಡುಮಾತಿನ ಉರ್ದು, ಬರುತ್ತದಲ್ಲ! ಬೆಂಗಳೂರಿನ ಕಲಾವಿದರಿಗೆ ಇಲ್ಲದ ಅನುಕೂಲ ನಮಗಿದೆ. ನಿಮ್ಮ ಕಥೆಯನ್ನು ದಖ್ಖನಿಯಲ್ಲಿ ಎರಡೇ ವಾಕ್ಯದಲ್ಲಿ ಹೇಳುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ನದಿ ಬತ್ತಿದೆ, ಕಲ್ಲಿಗೆ ನೀರಿನ ನೆನಪಿದೆ, ಹುಡುಗಿ ತೋಪಿನಲ್ಲಿ ಹಾರುತ್ತಾಳೆ. ಇಷ್ಟು ಸಾಕು. ಪಾತ್ರದ ತಾತ ಮುತ್ತಾತನ ಕಥೆ ಬೇಡ. ಸಾಧ್ಯವಾದರೆ ಮಾತೇ ಇಲ್ಲದ ನಾಲ್ಕು ಪುಟದ ಚಿತ್ರಕಥೆ ಒಂದನ್ನು ಮಡಚಿ, ಹೊಲಿದು ಇಡಿ. ಅದಕ್ಕೆ ಭಾಷೆಯ ಹಂಗಿಲ್ಲ. ಹೀರೋ ಚಿತ್ರದ ಬದಲು ಜನರನ್ನು ನಿಲ್ಲಿಸಲು ಏನು ಎಂದು ಸೂಪರ್ ಮಾರ್ಕೆಟ್ ಅಣ್ಣ ಕೇಳುತ್ತಿದ್ದಾರಲ್ಲ, ನಾನಾದರೆ ನಮ್ಮ ದೊಡ್ಡಾಟದ ವೇಷವನ್ನು ಬಳಸುತ್ತಿದ್ದೆ. ಭುಜಕೀರ್ತಿ, ಕಿರೀಟ, ಆ ಬಣ್ಣ ಹಾಕಿಕೊಂಡ ಗಗನಯಾತ್ರಿ ಆಳೆತ್ತರಕ್ಕೆ ನಿಂತಿದ್ದರೆ ಯಾರು ತಿರುಗಿ ನೋಡದೆ ಹೋಗುತ್ತಾರೆ?

ಸೂಪರ್ ಮಾರ್ಕೆಟ್ ಪ್ರಿಂಟ್:
ಅಕ್ಕಾರ, ಈ ದೊಡ್ಡಾಟದ ಗಗನಯಾತ್ರಿ ಮಾತು ನನಗ ಹಿಡಿಸ್ತು. ಅದಕ್ಕ ಮಂದಿ ನಿಲ್ತಾರ. ಫೋಟೋ ತೆಗೀತಾರ. ಆದ್ರ ಫೋಟೋ ತೆಗದು ಹೋಗೋರೇ ಹೆಚ್ಚಾದ್ರ?

ಯಾದಗಿರಿ ಪುಸ್ತಕ:
ತೆಗೆಯಲಿ ಅಣ್ಣ. ಚಿತ್ರದ ಕೆಳಗೆ ಹೆಸರು, ಊರು, ಸರಣಿಯ ಹೆಸರು ಫೋಟೋದಲ್ಲಿ ಬರುವಷ್ಟು ದೊಡ್ಡದಾಗಿರಲಿ.

ಲೆಕ್ಕದ ಮನುಷ್ಯ:
ಯಾರೂ ತೆರಿಗೆಯ ಮಾತೆತ್ತಲಿಲ್ಲ, ಅದಕ್ಕೆ ಬಂದೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು ₹40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದನ್ನೇ ನೆಚ್ಚಿಕೊಂಡು ಹೈದರಾಬಾದಿಗೆ ಹೊರಡಬೇಡಿ. ಅದು ತೆಲಂಗಾಣ. ನಿಮಗೆ ಕಾಯಂ ವ್ಯಾಪಾರದ ಜಾಗವಿಲ್ಲದ ರಾಜ್ಯದಲ್ಲಿ ಆಗೊಮ್ಮೆ ಈಗೊಮ್ಮೆ ತೆರಿಗೆ ಬೀಳುವ ಸರಕು ಮಾರಿದರೆ ಕಾಯ್ದೆ ನಿಮ್ಮನ್ನು ತಾತ್ಕಾಲಿಕ ವ್ಯಾಪಾರಿ ಎಂದು ನೋಡುತ್ತದೆ. ವಹಿವಾಟು ಎಷ್ಟೇ ಸಣ್ಣದಿರಲಿ, ಮಾರಾಟ ಶುರುವಾಗುವ 5 ದಿನ ಮೊದಲೇ ನೋಂದಣಿಗೆ ಅರ್ಜಿ ಹಾಕಬೇಕು, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ಆ ನೋಂದಣಿ ಹೆಚ್ಚೆಂದರೆ 90 ದಿನ ನಡೆಯುತ್ತದೆ, ಬೇಕಾದರೆ ವಿಸ್ತರಣೆ ಇದೆ.

ಎರಡು ವಿನಾಯಿತಿ ಗಮನಿಸಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ; ಪುಸ್ತಕ ಒಂದನ್ನೇ ಮಾರುವವರಿಗೆ ನೋಂದಣಿಯೂ ಬೇಡ. ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಬೇರೆ ಸವಲತ್ತಿದೆ, ಪ್ಯಾನ್ ಮತ್ತು ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಚೀಟಿ) ಇರಬೇಕು. ಸ್ಟಿಕ್ಕರ್, ಪ್ರಿಂಟು ಇಟ್ಟ ಕೂಡಲೇ ಪುಸ್ತಕದ ವಿನಾಯಿತಿ ನಿಮ್ಮ ಮೇಜಿಗೆ ಸಾಲುವುದಿಲ್ಲ. ಮೇಜು ಕೇಳುವ ಮೊದಲು ನಿಮ್ಮ ಊರಿನ ತೆರಿಗೆ ಸಲಹೆಗಾರರ ಮುಂದೆ ಸರಕಿನ ಪಟ್ಟಿ ಇಟ್ಟು ಕೂತುಕೊಳ್ಳಿ.

ಸುರಪುರದ ಓದುಗ:
ಲೆಕ್ಕದವರು ಹೇಳಿದ್ದು ಓದಿದ ಮ್ಯಾಲ ನನಗ ಒಂದು ವಿಚಾರ ಬಂತು. ಪ್ರಿಂಟುಗಳನ್ನೇ ಹೊಲಿದು ಚಿತ್ರಪುಸ್ತಕ ಮಾಡಿದ್ರ? ಹನ್ನೆರಡು ಚಿತ್ರ, ಎದುರು ಪುಟಕ್ಕ ಗೆಳತಿಯ ಕಥಿ. ಮನಿಗೆ ಒಯ್ದವರಿಗೆ ಕಥೀನೂ ಸಿಗ್ತದ, ಇಬ್ಬರ ಹೆಸರೂ ಉಳೀತದ. ನಮ್ಮ ಸುರಪುರದ ಹಳೇ ಚಿತ್ರಗಳು ಕಥಿ ಹೇಳ್ತಿದ್ವು, ಆ ಚಿನ್ನದ ಕೆಲಸ ನೋಡಿದ್ರ ಇವತ್ತಿಗೂ ಕಣ್ಣು ಕೀಳಲಿಕ್ಕೆ ಆಗೋದಿಲ್ಲ. ಬರದ ಕೈ ಯಾರದು ಅಂತ ಮಾತ್ರ ಎಷ್ಟೋ ಚಿತ್ರಗಳ ಮ್ಯಾಲ ಇಲ್ಲ. ಇವರ ಹೆಸರಾದರೂ ಇರಲಿ.

ಶಹಾಬಾದ್ ಪೆನ್ಸಿಲ್:
ಎಲ್ಲರಿಗೂ ಶರಣ್ರಿ. ಇಬ್ಬರೂ ಕುಂತು ಓದಿದ್ವಿ. ಹೀರೋ ಚಿತ್ರ ಒಯ್ಯೋದಿಲ್ಲ ಅಂತ ಗಟ್ಟಿ ಮಾಡೀವಿ. ದೊಡ್ಡಾಟದ ಗಗನಯಾತ್ರಿ ಶುರು ಮಾಡೀನಿ, ಆಳೆತ್ತರ. ಮಾತಿಲ್ಲದ ನಾಲ್ಕು ಪುಟದ್ದು ಗೆಳತಿ ಬರದು ಕೊಡ್ತಾಳ, ₹50 ಇಡ್ತೀವಿ. ಚಿತ್ರಪುಸ್ತಕದ ವಿಚಾರ ಭಾಳ ಸೇರಿತು. ಸೂಪರ್ ಮಾರ್ಕೆಟ್ ಅಣ್ಣಾ, ಹನ್ನೆರಡು ಚಿತ್ರ, ಇಪ್ಪತ್ನಾಲ್ಕು ಪುಟ, ದಪ್ಪ ಕಾಗದ, ದಾರದ ಹೊಲಿಗಿ, ನೂರು ಪ್ರತಿ. ನಿಮ್ಮಲ್ಲಿ ಎಷ್ಟಾಗ್ತದ?

ಸೂಪರ್ ಮಾರ್ಕೆಟ್ ಪ್ರಿಂಟ್:
ನೂರು ಪ್ರತಿಗೆ ಒಂದೊಂದರ ಬೆಲಿ ಜಾಸ್ತಿ ಬೀಳ್ತದ ತಂಗಿ, ಡಿಜಿಟಲ್‌ನಾಗ ಹಾಕಬೇಕು. ಕಾಗದದ ನಮೂನಿ ನಾಕು ತೆಗದಿಡ್ತೀನಿ, ನಿನ್ನ ಒಂದು ಚಿತ್ರ ನಾಲ್ಕರ ಮ್ಯಾಲೂ ಹೊಡದು ನೋಡೋಣ. ಕಪ್ಪು ಬಣ್ಣ ಹೆಚ್ಚಿದ್ದದ್ದೇ ತಾ, ಕಾಗದ ಹ್ಯಾಂಗದ ಅಂತ ಅದರಾಗೇ ತಿಳೀತದ. ನಾನು ಹೇಳಿದ 143ರ ಲೆಕ್ಕ ಮಾತ್ರ ಮರೀಬ್ಯಾಡ. ಮೇಜು ಒಂದಾ, ಅರ್ಧಾ ಅಂತ ಕೇಳಿ ನೋಡ್ರಿ. ಇನ್ನೊಬ್ಬ ಕಲಾವಿದರ ಜೋಡಿ ಹಂಚಿಕೊಂಡ್ರ ಬಾಡಿಗಿ ಅರ್ಧಕ್ಕ ಇಳೀತದ.

ಬೀದರ್ ಬೆಳ್ಳಿ ತಂತಿ:
ಮೇಳದವರು ಒಪ್ಪಿದ್ರ ಆ ಅರ್ಧ ಮೇಜು ನನ್ನ ಮಗಗ ಬೇಕು. ಅಂವ ಬಿದ್ರಿಯೊಳಗ ರಾಕೆಟ್ಟು, ಗ್ರಹ ಕೆತ್ತಲಿಕತ್ತಾನ. ಮನ್ಯಾಗ ಇದು ಯಾರು ತೊಗೋತಾರ ಅಂತ ನಾನೇ ಕೇಳ್ತಿದ್ದೆ. ನಂಬರ್ ಒಳಪೆಟ್ಟಿಗೆಗೆ ಕಳಸೀನಿ, ನೋಡು ಬೇಟಿ.