‘ಪುನರಾರಂಭ’ ಅಂದರೆ ನಿಂತಲ್ಲಿಂದಲೋ, ಮೊದಲಿಂದಲೋ? ಇವತ್ತು ಸಂಜೆಯೊಳಗೆ ಬೇಕು

ಮೈಸೂರು, ಸರಸ್ವತೀಪುರಂ
2020 ಮೇ 23, ಶನಿವಾರ, ಬೆಳಗ್ಗೆ 9

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕಿದೆ.

ನಾವು ಒಂದಿಷ್ಟು ಜನ ಫುಟ್‌ಬಾಲ್ ಅಭಿಮಾನಿಗಳು. ಮೈದಾನದ ಪಕ್ಕದ ಟೀ ಅಂಗಡಿಯಲ್ಲಿ ಸೇರುತ್ತಿದ್ದೆವು. ಕೊರೊನಾ ಲಾಕ್‌ಡೌನ್ ಶುರುವಾದಾಗಿನಿಂದ ಸೇರಿಲ್ಲ. ಈಗ ಅಂಗಡಿ ಪಾರ್ಸೆಲ್‌ಗೆ ಮಾತ್ರ ತೆಗೆದಿದೆ. ಅಂಗಡಿಯ ಅಣ್ಣ ಹೊರಗಿನ ತಗಡಿನ ಬೋರ್ಡ್ ನಮಗೆ ಬಿಟ್ಟುಕೊಟ್ಟಿದ್ದಾರೆ. ಅದರ ಮೇಲೆ ಒಂದು ಪ್ರಶ್ನೆ ಬರೆಸುತ್ತೇವೆ. ಟೀ ತಗೊಂಡು ಹೋಗುವವರು ಹೌದು ಅಥವಾ ಬೇಡ ಅನ್ನುವುದರ ಕೆಳಗೆ ಒಂದು ಗೆರೆ ಎಳೆದು ಹೋಗಬೇಕು. ಚಾಕ್ ಅವರವರದೇ ತರಬೇಕು.

ಪ್ರಶ್ನೆ ಇದು: ಈ ರೋಗದ ನಡುವೆ ಇಂಗ್ಲೆಂಡಿನ ಲೀಗ್ ಪಂದ್ಯಗಳು ಪುನರ್ ಆರಂಭ ಆಗಬೇಕೇ?

ಹೋದ ವಾರ ಇದನ್ನೇ ಫೋನಿನಲ್ಲಿ ಎಲ್ಲರಿಗೂ ಕಳಿಸಿದ್ದೆ. ಹೌದು ಅಂದವರೇ ಜಾಸ್ತಿ. ಅದೇ ರಾತ್ರಿ ಹೌದು ಅಂದ ಇಬ್ಬರು ಗೆಳೆಯರು ಜಗಳಕ್ಕೆ ಬಿದ್ದರು. ಒಬ್ಬ ಲಿವರ್‌ಪೂಲ್ ಕಡೆಯವನು. ಮಾರ್ಚ್ 13ಕ್ಕೆ ಲೀಗ್ ನಿಂತಾಗ ಅವನ ತಂಡ 25 ಅಂಕ ಮುಂದಿತ್ತು. ಇನ್ನೆರಡು ಪಂದ್ಯ ಗೆದ್ದರೆ ಸಾಕು, 1990ರ ನಂತರ ಮೊದಲ ಸಲ ಲೀಗ್ ಪ್ರಶಸ್ತಿ ಬರುತ್ತದೆ. ಅವನ ಹೌದು ಅಂದರೆ ಉಳಿದ 9 ಪಂದ್ಯ ಆಡಲಿ ಅಂತ. ಇನ್ನೊಬ್ಬ ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವನು. ಅವನ ಹೌದು ಅಂದರೆ ಈ ಸಲದ್ದನ್ನು ಅಳಿಸಿಹಾಕಿ ಸೊನ್ನೆಯಿಂದ ಶುರು ಮಾಡಲಿ ಅಂತ. ಒಂದೇ ಪದ, ಒಂದೇ ಉತ್ತರ, ಅರ್ಥ ಮಾತ್ರ ಎದುರುಬದುರು. ನಮ್ಮ ಎಣಿಕೆಯೆಲ್ಲ ದಂಡವಾಯಿತು.

ಇದು ಸುಮ್ನೆ ಮಾತಿನ ತಕರಾರಲ್ಲ. ಫ್ರಾನ್ಸಿನಲ್ಲಿ ಲೀಗನ್ನು ಅಲ್ಲಿಗೇ ಮುಗಿಸಿ ಪ್ಯಾರಿಸ್ ತಂಡಕ್ಕೆ ಪ್ರಶಸ್ತಿ ಕೊಟ್ಟರು. ನೆದರ್‌ಲ್ಯಾಂಡ್ಸ್‌ನಲ್ಲಿ ನಿಲ್ಲಿಸಿ ಯಾರಿಗೂ ಕೊಡಲಿಲ್ಲ. ಜರ್ಮನಿಯವರು ಮೇ 16ರಿಂದ ನಿಂತಲ್ಲಿಂದ ಆಡುತ್ತಿದ್ದಾರೆ. ಮೂರೂ ಬೇರೆ ಬೇರೆ ದಾರಿ. ಕನ್ನಡದಲ್ಲಿ ಇವನ್ನು ಬೇರೆ ಮಾಡಿ ಹೇಳುವ ಪದ ಯಾವುದು?

ಇನ್ನೊಂದು. ಪಂದ್ಯ ನಡೆದರೂ ನೋಡುವವರನ್ನು ಒಳಗೆ ಬಿಡುವುದಿಲ್ಲ. ಇದಕ್ಕೆ ‘ಮುಚ್ಚಿದ ಬಾಗಿಲ ಪಂದ್ಯ’ ಅನ್ನಬಹುದೇ?

ಬೋರ್ಡ್ ಬರೆಯುವವರು ಸಂಜೆ 5ಕ್ಕೆ ಬರುತ್ತಾರೆ. 7ರ ಮೇಲೆ ಕರ್ಫ್ಯೂ. ನಾಳೆ ಭಾನುವಾರ ಪೂರ್ತಿ ಬಂದ್. ದಯವಿಟ್ಟು ಬೇಗ ಹೇಳಿ.

ಮೈಸೂರು, ಕುವೆಂಪುನಗರ, ಬೆಳಗ್ಗೆ 9.40

‘ಪುನರ್ ಆರಂಭ’ ಅಂತ ಬಿಡಿಸಿ ಬರೆಯಬಾರದು. ಪುನರಾರಂಭ. ಪತ್ರಿಕೆಗಳು ಕೆಡಿಸಿದ್ದನ್ನು ನೀವು ಬೋರ್ಡಿಗೂ ಹತ್ತಿಸಬೇಡಿ. ಅರ್ಥ ಸಂದರ್ಭದಿಂದ ತಿಳಿಯುತ್ತದೆ. ಇದಕ್ಕೆ ಹೊಸ ಪದ ಬೇಕಾಗಿಲ್ಲ.

ಮಂಡ್ಯ, ಬೆಳಗ್ಗೆ 10.30

ಸಂದರ್ಭದಿಂದ ತಿಳಿಯುವುದಾಗಿದ್ದರೆ ಆ ಇಬ್ಬರು ಹುಡುಗರು ಜಗಳವಾಡುತ್ತಿರಲಿಲ್ಲ.

ತಮ್ಮ, ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ‘ಮರು’ ಮತ್ತು ‘ಪುನರ್’ ಎರಡಕ್ಕೂ ಹಿಂದಕ್ಕೆ ಹೋಗುವ ಗುಣ ಇದೆ. ಮರುಎಣಿಕೆ ಅಂದರೆ ಮೊದಲ ಮತದಿಂದ ಎಣಿಸಬೇಕು. ಮರುಮತದಾನ ಅಂದರೆ ಹಾಕಿದ ವೋಟು ಲೆಕ್ಕಕ್ಕಿಲ್ಲ. ಈಗ ದೂರದರ್ಶನದಲ್ಲಿ ಹಳೇ ಧಾರಾವಾಹಿಗಳ ಮರುಪ್ರಸಾರ ನಡೆಯುತ್ತಿದೆ, ಅದೂ ಮೊದಲ ಕಂತಿನಿಂದ. ಪುನರ್ಜನ್ಮ ಅಂದರೆ ಹಳೇ ಆಯಸ್ಸು ಮುಂದುವರಿಯುವುದಿಲ್ಲ, ಹೊಸದಾಗಿ ಹುಟ್ಟಬೇಕು. ಹಾಗಾಗಿ ಮ್ಯಾಂಚೆಸ್ಟರ್ ಹುಡುಗ ಪದವನ್ನು ತಪ್ಪಾಗಿ ಓದಿಲ್ಲ.

ನಮ್ಮಲ್ಲಿ ಮೈಷುಗರ್ ಕಾರ್ಖಾನೆ ವರ್ಷಗಳಿಂದ ನಿಂತಿದೆ. ‘ಪುನರಾರಂಭ ಮಾಡಿ’ ಅಂತ ರೈತರು ಕೇಳುತ್ತಾರೆ. ಅಲ್ಲಿ ಆ ಪದ ಒಪ್ಪುತ್ತದೆ. ಕಾರ್ಖಾನೆ ಶುರುವಾದರೆ ಅರೆಯುವುದು ಹೊಸ ಕಬ್ಬನ್ನೇ ಹೊರತು ನಿಂತ ದಿನ ಅರ್ಧಕ್ಕೆ ಬಿಟ್ಟದ್ದನ್ನಲ್ಲ. ನಿನ್ನ ಪಂದ್ಯದ ಕಥೆ ಹಾಗಲ್ಲ. 25 ಅಂಕ ಅಲ್ಲೇ ಕೂತಿದೆ.

ನಿನಗೆ ಬೇಕಾದ್ದು ‘ಮುಂದುವರಿ’. ಇದರ ಹುಟ್ಟು ನೋಡು. ಮುಂದು ಮತ್ತು ಪರಿ. ಪಕಾರ ವಕಾರವಾಗಿದೆ. ಪರಿ ಅಂದರೆ ಹಳಗನ್ನಡದಲ್ಲಿ ಓಡು, ಹರಿ. ನಾಲೆಯ ತೂಬು ಹಾಕಿದರೆ ನೀರು ನಿಲ್ಲುತ್ತದೆ, ತೆಗೆದರೆ ನಿಂತಲ್ಲಿಂದ ಮುಂದಕ್ಕೆ ಹರಿಯುತ್ತದೆ. ಕನ್ನಂಬಾಡಿಗೆ ವಾಪಸ್ ಹೋಗಿ ಮತ್ತೆ ಹೊರಡುವುದಿಲ್ಲ. ಆ ಅರ್ಥ ಪದದ ಒಳಗೇ ಇದೆ. ಆದ್ದರಿಂದ ‘ಮುಂದುವರಿಸಬೇಕೇ’ ಅಂತ ಬರೆಸು. ‘ಮುಂದುವರೆಸ’ ಅಂತ ಮಾತ್ರ ಬರೆಸಬೇಡ. ಪರಿ, ಹರಿ, ವರಿ. ‘ರೆ’ಗೆ ಅಲ್ಲಿ ಜಾಗವೇ ಇಲ್ಲ.

ಮೈಸೂರು, ಲಕ್ಷ್ಮೀಪುರಂ, ಬೆಳಗ್ಗೆ 11.15

ಮೇಷ್ಟ್ರು ಹೇಳಿದ್ದು ಒಪ್ಪುತ್ತೇನೆ. ಆದರೆ ‘ಪಂದ್ಯಗಳನ್ನು ಮುಂದುವರಿಸು’ ಅಂದರೆ ಅರ್ಧಕ್ಕೆ ನಿಂತ ಒಂದು ಪಂದ್ಯವನ್ನು 60ನೇ ನಿಮಿಷದಿಂದ ಆಡಿಸುವುದು ಅಂತಲೂ ಆಗುತ್ತದೆ. ಮುಂದುವರಿಯುವುದು ಲೀಗ್. ಪಂದ್ಯ ಆಡುವುದು ಬಾಕಿ ಇದೆ.

ನಾನು ಕಚೇರಿ ಪತ್ರಗಳನ್ನು ಅನುವಾದ ಮಾಡುವವಳು. ನನ್ನ ಸಲಹೆ: ‘ಬಾಕಿ ಪಂದ್ಯಗಳನ್ನು ಆಡಿಸಬೇಕೇ?’ ಪಿಯುಸಿಯ ಇಂಗ್ಲಿಷ್ ಪರೀಕ್ಷೆ ಒಂದು ಬಾಕಿ ಉಳಿದಿದೆ, ಜೂನ್ 18ಕ್ಕೆ ಇಟ್ಟಿದ್ದಾರೆ. ಅದಕ್ಕೆ ಮನೆಮನೆಯಲ್ಲೂ ‘ಬಾಕಿ ಪರೀಕ್ಷೆ’ ಅನ್ನುತ್ತಾರೆ. ಬರೆದು ಮುಗಿಸಿದ್ದನ್ನೆಲ್ಲ ಮತ್ತೆ ಬರೆಯಬೇಕು ಅಂತ ಯಾವ ಮಗುವೂ ಹೆದರಿಲ್ಲ. ಇಂಗ್ಲೆಂಡಿನಲ್ಲೂ ಲೆಕ್ಕ ಅಷ್ಟೇ. ಎಲ್ಲ ತಂಡಗಳದ್ದೂ ಸೇರಿ 92 ಪಂದ್ಯ ಬಾಕಿ.

‘ಆಡಬೇಕೇ’ ಅಲ್ಲ, ‘ಆಡಿಸಬೇಕೇ’. ಇದು ಮುಖ್ಯ. ಆಡುವವರು ಬೇರೆ, ಆಡಿಸುವವರು ಬೇರೆ. ಆಡಿಸುವವರಿಗೆ ಟಿವಿ ಹಣದ ಚಿಂತೆ. ವಾಟ್‌ಫರ್ಡ್ ತಂಡದ ನಾಯಕ ಟ್ರಾಯ್ ಡೀನಿ ಈ ವಾರ ತಾಲೀಮಿಗೆ ಬರುವುದಿಲ್ಲ ಅಂದರು. ಮನೆಯಲ್ಲಿ ಉಸಿರಾಟದ ತೊಂದರೆ ಇರುವ ಐದು ತಿಂಗಳ ಮಗು ಇದೆ. ‘ಪುನರಾರಂಭ ಆಗಬೇಕೇ’ ಅಂದಾಗ ಪಂದ್ಯ ತಾನಾಗಿಯೇ ಮಳೆಯ ಹಾಗೆ ಶುರುವಾಗುತ್ತದೆ ಅನ್ನಿಸುತ್ತದೆ. ‘ಆಡಿಸಬೇಕೇ’ ಅಂದರೆ ಯಾರೋ ಯಾರನ್ನೋ ಮೈದಾನಕ್ಕೆ ಇಳಿಸುತ್ತಿದ್ದಾರೆ ಅನ್ನುವುದು ಕಾಣುತ್ತದೆ. ಗೆರೆ ಎಳೆಯುವವರಿಗೆ ಅದು ಕಾಣಬೇಕು.

‘ಮುಚ್ಚಿದ ಬಾಗಿಲ ಪಂದ್ಯ’ ಬೇಡವೇ ಬೇಡ. ನಮ್ಮಲ್ಲಿ ಬಾಗಿಲು ಮುಚ್ಚಿಕೊಂಡು ಮಾಡುವುದು ಗುಟ್ಟಿನ ಮಾತುಕತೆ. ಇದನ್ನು ಟಿವಿಯಲ್ಲಿ ಲೋಕವೆಲ್ಲ ನೋಡುತ್ತದೆ.

ಮೈಸೂರು, ಜಯನಗರ, ಮಧ್ಯಾಹ್ನ 12

ಬಾಕಿ ಅರಬ್ಬಿ ಪದ. ‘ಉಳಿದ’ ಅನ್ನುವ ಕನ್ನಡ ಇರುವಾಗ ಇದೇಕೆ? ಫುಟ್‌ಬಾಲ್ ಇಂಗ್ಲಿಷ್. ಕಾಲ್ಚೆಂಡು ಬರೆಯಿರಿ. ‘ಪಂದ್ಯ’ವೂ ಸರಿಯಿಲ್ಲ. ಪಂದ್ಯ ಅಂದರೆ ಪಣ, ಬಾಜಿ. ಪಂದ್ಯ ಕಟ್ಟುವುದು, ಕೋಳಿಪಂದ್ಯ, ಇಲ್ಲೆಲ್ಲ ಅದೇ ಅರ್ಥ. ಚೆಂಡಾಟಕ್ಕೆ ‘ಆಟ’ ಸಾಕು. ‘ಉಳಿದ ಕಾಲ್ಚೆಂಡಾಟಗಳನ್ನು ಆಡಿಸಬೇಕೇ?’ ಇದರಲ್ಲಿ ಒಂದೂ ಎರವಲು ಪದ ಇಲ್ಲ. ಬೋರ್ಡ್ ಒಂದು ಸಲ ಬರೆದರೆ ವರ್ಷಗಟ್ಟಲೆ ನಿಲ್ಲುತ್ತದೆ. ಮಕ್ಕಳು ಅದನ್ನೇ ಓದಿ ಕಲಿಯುತ್ತವೆ. ಅಸಡ್ಡೆ ಮಾಡಬೇಡಿ.

ಮೈಸೂರು, ಲಕ್ಷ್ಮೀಪುರಂ, ಮಧ್ಯಾಹ್ನ 12.20

ಬಾಜಿಯೂ ಎರವಲೇ. ಬಾಕಿಯನ್ನು ಓಡಿಸುವುದಾದರೆ ಶುರು, ರದ್ದು, ಮೈದಾನ, ಖಾಲಿ, ಅರ್ಜಿ, ಕಚೇರಿ, ತಾಲ್ಲೂಕು, ಜಿಲ್ಲೆ ಎಲ್ಲವನ್ನೂ ಓಡಿಸಿ. ಆಮೇಲೆ ಮೈಸೂರಿನಲ್ಲಿ ಒಂದು ಕಂದಾಯದ ರಸೀದಿ ಬರೆದು ತೋರಿಸಿ. ಹೈದರ್, ಟಿಪ್ಪು ಕಾಲದಿಂದ ದಫ್ತರದಲ್ಲಿ ಓಡಾಡಿ ಅವು ಮನೆಯವೇ ಆಗಿವೆ. ನಮ್ಮಜ್ಜಿ ಓದು ಬರಹ ಬಾರದವರು. ಹಾಲಿನ ಬಾಕಿಯನ್ನು ಬಾಕಿ ಅಂತಲೇ ಅನ್ನುತ್ತಿದ್ದರು. ಅವರ ಕನ್ನಡ ಕನ್ನಡವಲ್ಲವೇ?

ಮೈಸೂರು, ಜಯನಗರ, ಮಧ್ಯಾಹ್ನ 12.35

ಅಜ್ಜಿಯ ಮಾತು ಬೇರೆ, ಬರಹ ಬೇರೆ. ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡರೆ ಮನೆಯವರು ಜಗಲಿಯಲ್ಲಿ ಮಲಗಬೇಕಾಗುತ್ತದೆ. ಮೂರು ತಿಂಗಳಲ್ಲಿ ಲಾಕ್‌ಡೌನ್, ಕ್ವಾರಂಟೈನ್, ಸ್ಯಾನಿಟೈಸರ್, ಹಾಟ್‌ಸ್ಪಾಟ್ ಬಂದವು. ಇವುಗಳಲ್ಲಿ ಒಂದನ್ನಾದರೂ ಕನ್ನಡದಲ್ಲಿ ಹೇಳಲು ಯಾರಾದರೂ ಒಂದು ದಿನ ಕೂತು ಯೋಚಿಸಿದರೇ? ನನಗೆ ಇದು ನಿಜವಾಗಿ ನೋವಿನ ವಿಷಯ.

ಮಂಡ್ಯ, ಮಧ್ಯಾಹ್ನ 1

ಕ್ವಾರಂಟೈನ್‌ಗೆ ನಮ್ಮ ಕಡೆ ಹಳ್ಳಿಗಳಲ್ಲಿ ‘ಮನೇಲಿ ಕೂರಿಸವ್ರೆ’ ಅಂದರು. ಅಷ್ಟೇ ಸಾಕಾಯಿತು. ಪದ ಹುಡುಕುವ ಕಡೆ ನಾವು ಯಾವಾಗಲೂ ನಾಮಪದಕ್ಕೇ ಕೈ ಹಾಕುತ್ತೇವೆ. ಜನ ಕ್ರಿಯಾಪದದಲ್ಲಿ ಮುಗಿಸಿಬಿಡುತ್ತಾರೆ. ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಕಾಲ್ಚೆಂಡು ಅಂದರೆ ಆ ಮೈದಾನದ ಹುಡುಗರು ಓದಿ ಮುಂದೆ ಹೋಗುತ್ತಾರೆ, ಗೆರೆ ಎಳೆಯುವುದಿಲ್ಲ.

‘ಪಂದ್ಯ’ ಮಾತ್ರ ಇರಲಿ. ಹಣ ಕಟ್ಟಿ ಆಡಿಸುವ ಆಟಕ್ಕೆ ಪಣದ ಅರ್ಥದ ಪದಕ್ಕಿಂತ ಒಪ್ಪುವುದು ಬೇರೆ ಯಾವುದಿದೆ?

ಮೈಸೂರು, ಕುವೆಂಪುನಗರ, ಮಧ್ಯಾಹ್ನ 1.30

ಚರ್ಚೆ ಎಲ್ಲಿಗೋ ಹೋಯಿತು. ಕೇಳಿದ್ದು ಒಂದು ಬೋರ್ಡಿಗೆ. ಮೊದಲೇ ಹೇಳಿದೆ, ಪುನರಾರಂಭ ಸಾಕು.

ಬೆಂಗಳೂರು (ಊರು ಮಂಡ್ಯ), ಮಧ್ಯಾಹ್ನ 2.15

ನಾನು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡಕ್ಕೆ ಕೂಗುವವನು. ಪಂದ್ಯ ನೋಡುವವರ ಕಡೆಯಿಂದ ಎರಡು ಮಾತು.

ಮಾರ್ಚ್ 14ರಂದು ಗೋವಾದ ಫತೋರ್ಡಾದಲ್ಲಿ ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ಫೈನಲ್ ನಡೆಯಿತು. ಕೋಲ್ಕತ್ತದ ಎಟಿಕೆ ಚೆನ್ನೈಯನ್ನು 3-1ರಿಂದ ಸೋಲಿಸಿತು. ಒಳಗೆ ಒಬ್ಬ ಅಭಿಮಾನಿಯೂ ಇರಲಿಲ್ಲ. ಗೋಲ್ ಬಿದ್ದಾಗ ಆಟಗಾರರ ಕೂಗು ಮಾತ್ರ ಕೇಳುತ್ತಿತ್ತು. ಜರ್ಮನ್ನರು ಇಂಥದ್ದಕ್ಕೆ ‘ಭೂತದ ಆಟ’ ಅನ್ನುವ ಅರ್ಥದ ಪದ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹಾಗೆಂದರೆ ಹುಡುಗರು ಹುಣಸೆಮರದ ಕಡೆ ನೋಡುತ್ತಾರೆ. ‘ಖಾಲಿ ಮೈದಾನ’ವೂ ತಪ್ಪು. ಮೈದಾನದಲ್ಲಿ 22 ಜನ ಇದ್ದಾರಲ್ಲ, ಖಾಲಿ ಇರುವುದು ಗ್ಯಾಲರಿ. ‘ಜನರಿಲ್ಲದೆ’ ಅಂದರೂ ಆಗದು, ಆಟಗಾರರೂ ಜನವೇ. ‘ನೋಡುಗರಿಲ್ಲದೆ’ ಅನ್ನಿ.

ಅಭಿಮಾನಿಗಳು ಇದ್ದಾಗ ಏನಾಯಿತು ಅನ್ನುವುದನ್ನೂ ಮರೆಯಬೇಡಿ. ಫೆಬ್ರವರಿ 19ಕ್ಕೆ ಇಟಲಿಯ ಮಿಲಾನಿನಲ್ಲಿ ಅಟಲಾಂಟ ಮತ್ತು ವೆಲೆನ್ಸಿಯಾ ಪಂದ್ಯ. ಅಟಲಾಂಟ ತಂಡದ ಬೆರ್ಗಾಮೊ ಊರಿನಿಂದ ಸುಮಾರು 40,000 ಜನ ಬಸ್ಸು ರೈಲು ಹತ್ತಿ ಹೋಗಿದ್ದರು. ಕೆಲವೇ ವಾರದಲ್ಲಿ ಆ ಊರಿನಲ್ಲಿ ಹೆಣ ಸಾಗಿಸಲು ಸೇನೆಯ ಲಾರಿಗಳು ಬಂದವು. ಆ ಪಂದ್ಯವೂ ರೋಗ ಹರಡಲು ದಾರಿಯಾಯಿತು ಅಂತ ಆ ಊರಿನ ಮೇಯರ್ ಅವರೇ ಹೇಳಿದರು. ಹಾಗಾಗಿ ‘ರೋಗದ ನಡುವೆ’ ಅನ್ನುವುದನ್ನು ಬೋರ್ಡಿನಿಂದ ಜಾಗ ಸಾಲದು ಅಂತ ಬಿಡಬೇಡಿ. ನಾನು ಫುಟ್‌ಬಾಲ್ ಇಲ್ಲದೆ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಆದರೂ ನಾನು ಎಳೆಯುವುದು ‘ಬೇಡ’ದ ಕೆಳಗೇ.

ಮೈಸೂರು, ಸರಸ್ವತೀಪುರಂ, ಸಂಜೆ 4.10

ಎಲ್ಲರಿಗೂ ತುಂಬ ಥ್ಯಾಂಕ್ಸ್. ಬರೆಸುವುದು ಇದನ್ನು:

‘ಈ ರೋಗದ ನಡುವೆ, ನೋಡುಗರಿಲ್ಲದೆ, ಬಾಕಿ ಪಂದ್ಯಗಳನ್ನು ಆಡಿಸಿ ಲೀಗ್ ಮುಂದುವರಿಸಬೇಕೇ?’

ಮೇಷ್ಟ್ರ ‘ಮುಂದುವರಿಸು’ ಮತ್ತು ಅಕ್ಕಾವ್ರ ‘ಬಾಕಿ’, ‘ಆಡಿಸು’ ಎಲ್ಲವೂ ಬೇಕೆನಿಸಿತು. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಇಬ್ಬರಿಗೂ ಬೇರೆ ಬೇರೆಯಾಗಿ ಕಳಿಸಿ, ಏನು ಅರ್ಥ ಆಯಿತು ಅಂತ ಕೇಳಿದೆ. ಇಬ್ಬರೂ ಒಂದೇ ಅರ್ಥ ಹೇಳಿದರು. ಮ್ಯಾಂಚೆಸ್ಟರ್‌ನವನು ಈಗ ‘ಬೇಡ’ ಅನ್ನುತ್ತಿದ್ದಾನೆ. ನನಗೆ ಬೇಕಿದ್ದದ್ದು ಅಷ್ಟೇ, ಉತ್ತರ ಯಾವುದಾದರೂ ಆಗಲಿ, ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಬೇಕು.

ಜಯನಗರದ ಸರ್, ನೀವು ಹೇಳಿದ ‘ಉಳಿದ’ವನ್ನೂ ಅವರ ಮೇಲೆ ನೋಡಿದೆ. ‘ಉಳಿದ ಪಂದ್ಯಗಳು’ ಅಂದಾಗ ಒಬ್ಬ ‘ಬೇರೆ ತಂಡಗಳ ಪಂದ್ಯಗಳಾ?’ ಅಂದ. ಅದಕ್ಕೇ ಬಿಟ್ಟೆ, ಕನ್ನಡ ಪದ ಅಂತ ಬಿಟ್ಟದ್ದಲ್ಲ.

ಮೈಸೂರು, ಜಯನಗರ, ಸಂಜೆ 4.30

ನನ್ನ ಅಭಿಪ್ರಾಯ ಬದಲಾಗಿಲ್ಲ. ‘ನೋಡುಗರು’ ಇಟ್ಟದ್ದಕ್ಕೆ ಸಂತೋಷ. ‘ಪ್ರೇಕ್ಷಕರು’ ಅಂತ ಬರೆಸುತ್ತೀರಿ ಅಂದುಕೊಂಡಿದ್ದೆ.

ಮಂಡ್ಯ, ಸಂಜೆ 5.50

ತಮ್ಮ, ಬರೆಯುವವರು ‘ಮುಂದುವರೆಸ’ ಅಂತ ಬರೆದಿದ್ದಾರೋ ಏನೋ ನೋಡು. ಅವರ ಕೈ ಅಲ್ಲಿಗೇ ಹೋಗುತ್ತದೆ. ಬಣ್ಣ ಹಸಿ ಇರುವಾಗಲೇ ಒರೆಸಬೇಕು.

ಮೈಸೂರು, ಸರಸ್ವತೀಪುರಂ, ಸಂಜೆ 6.20

ಬರೆದಿದ್ದರು ಮೇಷ್ಟ್ರೇ. ಒರೆಸಿ ‘ರಿ’ ಮಾಡಿಸಿದೆ.